ನಾಲ್ಕನೇ ನಂಬರಿನ ಸ್ಕ್ರೂ ಗೇಜ್

ಭೌತಶಾಸ್ತ್ರದ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ ದಿನ ನಿಮ್ಮ ಕೈಗೆ ಒಂದು ಬೀಗದ ಕೈಗೊಂಚಲು ಕೊಡುತ್ತಾರೆ. ರಜೆ ಎಷ್ಟು, ಸಂಬಳ ಯಾವಾಗ, ಯಾರ ಮುಂದೆ ಕೂರಬಾರದು ಎಂಬುದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಗೊಂಚಲು ಮನುಷ್ಯನನ್ನು ಏನು ಮಾಡುತ್ತದೆ ಎಂದು ಹೇಳುವವರು ಸಿಗುವುದಿಲ್ಲ. ನನ್ನನ್ನು ಏನು ಮಾಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾಡಿದ ಕೆಲಸದಲ್ಲಿನ ತಪ್ಪನ್ನು ಮಾತ್ರ ತಿದ್ದಬೇಡಿ, ಇದ್ದ ಹಾಗೇ ಓದಿ.

ವಿಜಯನಗರದ ಒಂದು ಪಿಯು ಕಾಲೇಜು. ಮನೆ ಮೂಡಲಪಾಳ್ಯದಲ್ಲಿ. ನಡೆದೇ ಹೋಗುತ್ತಿದ್ದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಾಗಿಲು ತೆಗೆದು, ಬೆಂಚು ಒರೆಸಿ, ಲೆನ್ಸುಗಳನ್ನು ಮಲ್ಲು ಬಟ್ಟೆಯಲ್ಲಿ ಉಜ್ಜಿ, ಆ ದಿನದ ಪ್ರಯೋಗಕ್ಕೆ ಬೇಕಾದ ಸಾಮಾನುಗಳನ್ನು ಟೇಬಲ್ಲಿನ ಮೇಲೆ ಜೋಡಿಸುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ದೊಡ್ಡ ಎಡವಟ್ಟು ಮಾಡಿದ್ದೆ. ಘರ್ಷಣೆಯ ಪ್ರಯೋಗಕ್ಕೆ ಒಂದು ಮರದ ಹಲಗೆ, ಅದರ ಮೇಲೆ ಎಳೆಯುವ ಒಂದು ಮರದ ದಿಮ್ಮಿ ಇದ್ದವು. ಎರಡೂ ಒಣಗಿ ಬಿಳಿಚಿಕೊಂಡಿದ್ದವು. ನೋಡಲು ಚೆನ್ನಾಗಿರಲಿ ಎಂದು ಕೊಬ್ಬರಿ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿಟ್ಟೆ. ಮಾರನೆಯ ದಿನ ಹುಡುಗರು ಹಲಗೆಯ ತುದಿ ಚೂರು ಎತ್ತುವಷ್ಟರಲ್ಲೇ ದಿಮ್ಮಿ ಜಾರಿ ನೆಲಕ್ಕೆ ಬಿತ್ತು. ವಿಭಾಗದ ಮುಖ್ಯಸ್ಥರಾದ ಸೀತಾರಾಮು ಸಾರ್ ಹಲಗೆ ಮುಟ್ಟಿ, ಬೆರಳು ಮೂಸಿ ನೋಡಿ, "ಏನೋ ರುದ್ರಪ್ಪ, ಘರ್ಷಣೆಗೇ ರಜಾ ಮಂಜೂರು ಮಾಡ್ಬಿಟ್ಟೆಯಲ್ಲೋ!" ಅಂದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆಗ ನನಗೆ ನಗಲು ಬರುತ್ತಿತ್ತು.

ಸೀತಾರಾಮು ಸಾರ್ ಬೈಯುತ್ತಿದ್ದರು, ಕಲಿಸುತ್ತಲೂ ಇದ್ದರು. ಉಪಕರಣಕ್ಕೂ ಒಂದು ಸ್ವಭಾವ ಇರುತ್ತದೆ ಎಂದು ಹೇಳಿಕೊಟ್ಟವರು ಅವರೇ. ಮೂರನೇ ಗ್ಯಾಲ್ವನೋಮೀಟರಿನ ಮುಳ್ಳು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಬೇಕಿತ್ತು. ಎರಡನೇ ಸ್ಟಾಪ್‌ವಾಚು ನಿಧಾನ. ಸ್ಕ್ರೂ ಗೇಜುಗಳು ಎಂಟು, ಎಂಟಕ್ಕೂ ಎಂಟು ಬಗೆಯ ಶೂನ್ಯ ದೋಷ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸ್ಕ್ರೂ ಗೇಜು ಎಂದರೆ ತಂತಿಯ ದಪ್ಪ ಅಳೆಯುವ ಸಣ್ಣ ಸಾಧನ. ಒಳಗೆ ಏನೂ ಇಡದೆ ಅದರ ಬಾಯಿ ಮುಚ್ಚಿದಾಗ ಸೊನ್ನೆ ತೋರಿಸಬೇಕು. ಹಳೆಯದಾದರೆ ತೋರಿಸುವುದಿಲ್ಲ. ಸೊನ್ನೆಗಿಂತ ಹೆಚ್ಚು ತೋರಿಸಿದರೆ ದೋಷ ಪ್ಲಸ್, ಬಂದ ಅಳತೆಯಿಂದ ಅಷ್ಟನ್ನು ಕಳೆಯಬೇಕು. ಕಡಿಮೆ ತೋರಿಸಿದರೆ ಮೈನಸ್, ಅಷ್ಟನ್ನು ಕೂಡಿಸಬೇಕು. ಇವನ್ನೆಲ್ಲ ನಾನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು ಖಾಕಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ಆ ಪುಸ್ತಕವೇ ನನ್ನ ಪದವಿ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹುಡುಗರು ಪಾಠ ಮಾಡಿದ ಮೇಷ್ಟರನ್ನು ಹುಡುಕುತ್ತಿರಲಿಲ್ಲ, ನನ್ನನ್ನು ಹುಡುಕುತ್ತಿದ್ದರು. "ಅಣ್ಣ, ನಂಗೆ ಆರನೇ ಟೇಬಲ್, ಜೀರೋ ಎರರ್ ಎಷ್ಟಣ್ಣ?" ಎಂದು ನೀರು ಕುಡಿಯುವ ನೆಪದಲ್ಲಿ ಬಂದು ಕೇಳುತ್ತಿದ್ದರು. ಬಾಯಿ ಮುಚ್ಚಿ ನೋಡಿದರೆ ಅವರಿಗೇ ಗೊತ್ತಾಗುತ್ತದೆ. ಆದರೆ ಕೇಳುವುದು ರೂಢಿಯಾಗಿತ್ತು, ಹೇಳುವುದೂ ರೂಢಿಯಾಗಿತ್ತು. ಇದು ತಪ್ಪು ಅಂತ ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಪರೀಕ್ಷೆ ಮುಗಿದ ಮೇಲೆ "ಅಣ್ಣ ದೇವರು ಕಣೋ" ಎಂದು ಹುಡುಗರು ಆಡಿಕೊಳ್ಳುವುದು ಕಿವಿಗೆ ಬೀಳುತ್ತಿತ್ತಲ್ಲ, ಅದರ ರುಚಿ ಬಿಡಲಾಗಲಿಲ್ಲ.

ಕಾಲೇಜಿಗೆ ಹತ್ತು ಕಂಪ್ಯೂಟರ್ ಬಂದ ಒಂದೆರಡು ವರ್ಷಕ್ಕೆ ವಿನುತಾ ಮೇಡಂ ಬಂದರು. ಎಂಎಸ್ಸಿ ಮುಗಿಸಿದ ಹುಡುಗಿ. ಖಾಯಂ ಅಲ್ಲ, ವರ್ಷವರ್ಷವೂ ಆಡಳಿತ ಮಂಡಳಿ ಮುಂದುವರಿಸಬೇಕಾದ ನೌಕರಿ. ಬಂದ ಮೊದಲ ವಾರ ನನ್ನ ಹತ್ತಿರ ಪ್ರತಿಯೊಂದು ಉಪಕರಣವನ್ನೂ ತೆಗೆಸಿ ನೋಡಿದರು. ನನಗೆ ಖುಷಿಯಾಯಿತು. ಆಮೇಲೆ ತಿಳಿಯಿತು, ಅವರು ಮಾರೇನಹಳ್ಳಿಯ ಒಂದು ಸೈಬರ್ ಸೆಂಟರಿನಲ್ಲಿ ಕೂತು ಏನೋ ಮಾಡುತ್ತಿದ್ದಾರೆ ಎಂದು. ಕಂಪ್ಯೂಟರಿನಲ್ಲಿ ಬ್ರೌಸರ್ ತೆಗೆದರೆ ಅದರೊಳಗೇ ನಡೆಯುವ ಪ್ರಯೋಗಗಳು, ಒಂದೊಂದಕ್ಕೂ ಒಂದು ಪೇಜು. ಪೆಂಡುಲಮ್ಮನ್ನು ಮೌಸಿನಲ್ಲಿ ಹಿಡಿದೆಳೆದು ಬಿಟ್ಟರೆ ಓಲಾಡುತ್ತದೆ. ಒಂದು ಗುಂಡಿ ಒತ್ತಿದರೆ ಗಾಳಿ ಮಾಯ, ಗರಿಯೂ ಕಲ್ಲೂ ಜೊತೆಯಾಗಿ ಬೀಳುತ್ತವೆ. ಇನ್ನೊಂದು ಒತ್ತಿದರೆ ಚಂದ್ರಲೋಕ, ಒಂದು ಆಟೋರಿಕ್ಷಾ ಹಂಪ್ ದಾಟಿ ಮೇಲೆ ಹಾರಿ, ಹತ್ತಿಯ ಹಾಗೆ ನಿಧಾನವಾಗಿ ಇಳಿಯುತ್ತದೆ.

ಮೊದಲ ದಿನ ಪಕ್ಕದ ಕಂಪ್ಯೂಟರ್ ಕೋಣೆಯಿಂದ ಬಂದ ಗದ್ದಲ ನನಗೆ ಇನ್ನೂ ಕೇಳಿಸುತ್ತದೆ.

"ಮಗಾ, ಗಾಳಿ ತೆಗಿಯೋ, ಗಾಳಿ ತೆಗಿ!"

"ಲೇ, ಆಟೋನ ಗುರುಗ್ರಹಕ್ಕೆ ಹಾಕೋ."

"ಮೀಟರ್ ಮೇಲೆ ಎಷ್ಟ್ ಕೇಳ್ತಾನೋ ಅಲ್ಲಿ!"

ಬಾಗಿಲ ಬಳಿ ನಿಂತು ನೋಡಿದೆ. ನನ್ನ ಲ್ಯಾಬಿನಲ್ಲಿ ಹಿಂದಿನ ಬೆಂಚಿಗೆ ಒರಗಿ ಆಕಳಿಸುತ್ತಿದ್ದ ಹುಡುಗರೇ ಅವರು. ಇಲ್ಲಿ ಒಂದು ಕುರ್ಚಿಗೆ ಮೂವರು ಕೂತು ಕಿತ್ತಾಡುತ್ತಿದ್ದರು. ಒಡೆಯುವುದು, ಕೈ ಸುಡುವುದು, ತಂತಿ ಕಡಿಯುವುದು ಯಾವುದೂ ಇಲ್ಲ. ಯಾರೂ ಯಾರ ಹತ್ತಿರವೂ ಹೋಗಿ "ಅಣ್ಣ" ಅನ್ನಬೇಕಾಗಿಲ್ಲ. ಇಪ್ಪತ್ತು ವರ್ಷ ನಾನು ಒರೆಸಿ ಒರೆಸಿ ಕಾಪಾಡಿದ್ದ ಸಾಮಾನುಗಳೆಲ್ಲ ಒಂದು ಗಾಜಿನ ಹಿಂದೆ ಕುಣಿಯುತ್ತಿದ್ದವು, ಅದೂ ನನಗಿಂತ ಚೆನ್ನಾಗಿ ಅವರ ಮಾತು ಕೇಳುತ್ತ.

"ರುದ್ರಣ್ಣ, ಬನ್ನಿ ಇಲ್ಲಿ, ನಿಮಗೊಂದು ತೋರಿಸ್ಬೇಕು," ಎಂದು ವಿನುತಾ ಮೇಡಂ ಕರೆದರು.

ಪರದೆಯ ಮೇಲೆ ನಮ್ಮ ಮೂರನೇ ಗ್ಯಾಲ್ವನೋಮೀಟರು. ಗಾಜಿನ ಮೂಲೆಯಲ್ಲಿದ್ದ ಸೀಳನ್ನೂ ಬಿಡದೆ ಬರೆದಿದ್ದರು. ಮುಳ್ಳು ಮಧ್ಯದಲ್ಲಿ ಸಿಕ್ಕಿಕೊಂಡಿತು. ಮೌಸಿನಿಂದ ಎರಡು ಸಲ ಒತ್ತಿದಾಗ ಟಕ್ ಟಕ್ ಎಂದು ಸದ್ದಾಗಿ ಮುಳ್ಳು ಮುಂದೆ ಹೋಯಿತು. ಕೆಳಗೆ 'ರುದ್ರಣ್ಣನ ತಟ್ಟು' ಎಂದು ಬರೆದಿತ್ತು. ಹುಡುಗರು ಹೋ ಎಂದು ನಕ್ಕರು. ಒಬ್ಬ ನನ್ನ ಹಾಗೆಯೇ ತಲೆ ಓರೆ ಮಾಡಿ ಗಾಳಿಯಲ್ಲಿ ಬೆರಳಿನಿಂದ ತಟ್ಟಿ ತೋರಿಸಿದ.

ಅದು ನನಗೆ ಸಂದ ಗೌರವ ಎಂದು ಈಗ ಗೊತ್ತು. ಅವತ್ತು ನನ್ನನ್ನು ಗೊಂಬೆ ಮಾಡಿ ಆಡಿಸಿದರು ಅನ್ನಿಸಿತು. "ಚೆನ್ನಾಗಿದೆ ಮೇಡಂ," ಎಂದು ಹೇಳಿ ಹೊರಗೆ ಬಂದೆ.

ಅಲ್ಲಿಂದ ನನ್ನ ಸಣ್ಣತನ ಶುರುವಾಯಿತು. ಕಂಪ್ಯೂಟರ್ ಕೋಣೆಯ ಫ್ಯೂಸು ನನ್ನ ಲ್ಯಾಬಿನ ಗೋಡೆಯಲ್ಲಿತ್ತು. ಅವರ ತರಗತಿ ನಡೆಯುವಾಗ ಒಂದು ದಿನ ಅದನ್ನು ಎಳೆದಿಟ್ಟೆ. ಪಕ್ಕದ ಕೋಣೆಯಿಂದ "ಅಯ್ಯೋ" ಎಂಬ ಕೂಗು ಬಂತು. ಅಷ್ಟು ಹಿತವಾದ ಸದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಮೇಡಂ ಓಡಿ ಬಂದು, "ರುದ್ರಣ್ಣ, ಸ್ವಲ್ಪ ನೋಡ್ತೀರಾ?" ಅಂದರು. ನಾನು ಕುರ್ಚಿ ಹತ್ತಿ, ಟೆಸ್ಟರ್ ಹಿಡಿದು, ಹುಬ್ಬು ಗಂಟಿಕ್ಕಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡು ಸರಿಮಾಡಿದೆ. "ನೀವಿಲ್ದಿದ್ರೆ ಏನ್ ಗತಿ ರುದ್ರಣ್ಣ," ಅಂದರು. ನಾಚಿಕೆಯಾಗಬೇಕಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಎಳೆದೆ.

ಸೀತಾರಾಮು ಸಾರ್ ಕೂಡ ಒಂದು ಮಧ್ಯಾಹ್ನ ಖಾಲಿ ಲ್ಯಾಬಿನಲ್ಲಿ ಕೂತು, "ನಮ್ಮ ಅಂಗಡಿ ಮುಚ್ಚೋ ಕಾಲ ಬಂತು ಕಣೋ ರುದ್ರಪ್ಪ. ಆ ಹುಡುಗಿ ಅಂಗಡೀಲಿ ರಶ್ಶು," ಎಂದರು. ಅವರು ಹೇಳಿ ಮರೆತರು. ನಾನು ಮನೆಗೆ ಹೊತ್ತುಕೊಂಡು ಹೋದೆ. ಊಟಕ್ಕೆ ಕೂತಾಗ ಹೆಂಡತಿ, "ಒಲೆ ಮೇಲೆ ಇಟ್ಟ ಪಾತ್ರೆ ಥರಾ ಇದೀರಲ್ಲ, ಯಾರ ಮೇಲೆ ಸಿಟ್ಟು?" ಅಂದಳು. "ಯಾರ ಮೇಲೂ ಇಲ್ಲ" ಅಂದೆ. ಮಗಳ ವಯಸ್ಸಿನ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಅಂತ ಹೇಗೆ ಹೇಳಲಿ?

ವಾರ್ಷಿಕ ಪ್ರಾಕ್ಟಿಕಲ್‌ಗೆ ಒಂದೂವರೆ ತಿಂಗಳಿದ್ದಾಗ ಅವರು ಸ್ಕ್ರೂ ಗೇಜಿನ ಪೇಜು ಮಾಡಲು ಕೂತರು. ನಮ್ಮ ಎಂಟೂ ಗೇಜುಗಳು ಅದರಲ್ಲಿರಬೇಕು, ಪ್ರತಿಯೊಂದಕ್ಕೂ ಅದರದೇ ಶೂನ್ಯ ದೋಷ ಇರಬೇಕು, ಮಕ್ಕಳು ಬಾಯಿ ಮುಚ್ಚಿ ನೋಡಿ ಕಂಡುಹಿಡಿಯುವುದನ್ನು ರೂಢಿ ಮಾಡಿಕೊಳ್ಳಬೇಕು, ಇದು ಅವರ ಆಸೆ. ಸರಿಯಾಗಿ, ಬೇಗ ಹೇಳಿದರೆ ಅಂಕ ಸಿಗುವ ಆಟ. ನನ್ನ ಹತ್ತಿರ ಬಂದು ಕೂತರು.

"ರುದ್ರಣ್ಣ, ನಿಮ್ಮ ಪುಸ್ತಕ ನೋಡಿ ಒಂದೊಂದೇ ಹೇಳಿ, ನಾನು ಬರ್ಕೋತೀನಿ. ಲ್ಯಾಬಿಗೆ ಸುಣ್ಣ ಹೊಡೀತಾರಂತೆ, ಎಲ್ಲಾ ಸಾಮಾನು ಕಟ್ಟಿಡ್ತಾರೆ. ಮತ್ತೆ ಬಿಚ್ಚೋವರೆಗೆ ಮಕ್ಕಳು ಇದರಲ್ಲೇ ಅಭ್ಯಾಸ ಮಾಡ್ಲಿ."

ಒಂದನೆಯದು ಹೇಳಿದೆ. ಎರಡು, ಮೂರು ಹೇಳಿದೆ. ಬರೆದುಕೊಳ್ಳುತ್ತಲೇ ಅವರು ನಗುತ್ತ ಅಂದರು, "ಇನ್ಮೇಲೆ ಪರೀಕ್ಷೆ ದಿನ ಮಕ್ಕಳು ನಿಮ್ಮನ್ನ ಕಾಡಿಸೋ ಅವಶ್ಯಕತೆನೇ ಇರಲ್ಲ ನೋಡಿ. ನಿಮಗೂ ಆರಾಮು."

ಪುಸ್ತಕ ನನ್ನ ಎದೆಗೆ ಹತ್ತಿರವೇ ಇತ್ತು, ಅವರಿಗೆ ಕಾಣುತ್ತಿರಲಿಲ್ಲ. ನಾಲ್ಕನೇ ಗೇಜಿನ ಮುಂದೆ 'ಮೈನಸ್ ಮೂರು' ಎಂದು ನನ್ನದೇ ಅಕ್ಷರದಲ್ಲಿತ್ತು.

"ನಾಲ್ಕು?" ಅಂದರು.

"ಪ್ಲಸ್ ಮೂರು," ಅಂದೆ.

ಬರೆದುಕೊಂಡರು. ಐದನೆಯದು ಹೇಳಿದೆ, ಸರಿಯಾಗಿಯೇ ಹೇಳಿದೆ. ಎಂಟರವರೆಗೂ ಸರಿಯಾಗಿಯೇ ಹೇಳಿದೆ. ನನ್ನ ಲೆಕ್ಕಾಚಾರ ಇಷ್ಟೇ. ಸುಣ್ಣದ ಕೆಲಸ ಮುಗಿದು ಲ್ಯಾಬು ತೆರೆಯುತ್ತದೆ, ಮಕ್ಕಳು ಬಂದು ನಾಲ್ಕನೆಯದನ್ನು ಹಿಡಿಯುತ್ತಾರೆ, ತಾಳೆಯಾಗುವುದಿಲ್ಲ, "ಅಣ್ಣ, ಇದೇನಣ್ಣ?" ಎಂದು ಕೇಳುತ್ತಾರೆ. ನಾನು ಎಲ್ಲರ ಮುಂದೆ, "ಅಯ್ಯೋ, ಮೇಡಂ ಪೇಜಿನಲ್ಲಿ ತಪ್ಪಿದೆ ಕಣಪ್ಪ" ಅನ್ನುತ್ತೇನೆ. ಒಂದು ಮಧ್ಯಾಹ್ನದ ಮಟ್ಟಿಗೆ ಆ ಪರದೆಯ ಮುಖ ಸಣ್ಣದಾಗುತ್ತದೆ. ಅಷ್ಟೇ ಬೇಕಿತ್ತು.

ಆಟ ಹುಡುಗರಿಗೆ ಹುಚ್ಚು ಹಿಡಿಸಿತು. ಬಾಯಿ ಮುಚ್ಚಿ ನೋಡುವುದನ್ನು ಬಿಟ್ಟು, ಬೇಗ ಅಂಕ ಗಳಿಸಲು ಎಂಟೂ ಸಂಖ್ಯೆಗಳನ್ನು ಬಾಯಿಪಾಠ ಮಾಡಿಬಿಟ್ಟರು. ನನ್ನನ್ನು ಕೇಳಿ ಕೇಳಿ ಬರೆಯುವ ಚಾಳಿ ಇದ್ದ ಕಾಲೇಜಲ್ಲವೆ, ಬುದ್ಧಿ ಎಲ್ಲಿಗೆ ಹೋಗುತ್ತದೆ? ಕಾಲೇಜಿನ ಎದುರಿನ ಬೇಕರಿಯಲ್ಲಿ ಬನ್ನು ತಿನ್ನುತ್ತ ಒಬ್ಬ "ನಾಲ್ಕು?" ಅಂದರೆ ಇನ್ನೊಬ್ಬ "ಪ್ಲಸ್ ಮೂರು!" ಅನ್ನುತ್ತಿದ್ದ. ನನ್ನ ಸುಳ್ಳು ನನ್ನ ಕಿವಿಗೇ ಪದ್ಯದ ಹಾಗೆ ಬೀಳತೊಡಗಿತು.

ಸುಣ್ಣದ ಕೆಲಸ ಎಳೆಯಿತು. ಲ್ಯಾಬು ತೆರೆದಾಗ ಪರೀಕ್ಷೆಗೆ ಎರಡೇ ದಿನ, ಮಕ್ಕಳನ್ನು ಅಭ್ಯಾಸಕ್ಕೆ ಒಳಗೆ ಬಿಡಲು ಹೊತ್ತಿರಲಿಲ್ಲ. ಆ ಎರಡು ದಿನದಲ್ಲಿ ನಾನು ಒಂದು ಮಾತು ಹೇಳಬಹುದಿತ್ತು. ಹೇಳುವ ಬದಲು ಒಂದು ಉಪಾಯ ಮಾಡಿದೆ. ನಾಲ್ಕನೇ ಗೇಜನ್ನೇ ಬೀರುವಿನ ಹಿಂದಕ್ಕೆ ತಳ್ಳಿದೆ. ಪರೀಕ್ಷೆಯ ಬೆಳಗ್ಗೆ ಸೀತಾರಾಮು ಸಾರ್ ಟೇಬಲ್ಲುಗಳ ಮೇಲಿನ ಗೇಜುಗಳನ್ನು ಎಣಿಸಿದರು.

"ಏಳೇ ಇದೆ. ನಾಲ್ಕು ಎಲ್ಲೋ?"

"ಕೆಟ್ಟಿದೆ ಸಾರ್."

"ನಿನ್ನೆವರೆಗೂ ಕೆಟ್ಟಿರ್ಲಿಲ್ವಲ್ಲ? ತಗೊಂಬಾ, ನೋಡೋಣ."

ತಂದೆ. ತಿರುಗಿಸಿ ನೋಡಿ, "ಚೆನ್ನಾಗೇ ಇದೆ, ಇಡು," ಅಂದರು. ಇಟ್ಟೆ. ಹುಡುಗರಿಗೆ ಪಿಸುಗುಟ್ಟಿ ಹೇಳೋಣ ಎಂದುಕೊಂಡೆ. ಆದರೆ ಆ ಸಲ ಹೊರಗಿನಿಂದ ಬಂದ ಪರೀಕ್ಷಕರು ಬಹಳ ಬಿಗಿ. ಒಳಗೆ ಕಾಲಿಟ್ಟವರೇ, "ಅಟೆಂಡರ್ ಹೊರಗಡೆ ಕೂತ್ಕೊಳ್ಳಿ. ಕರೆದಾಗ ಬಂದ್ರೆ ಸಾಕು," ಎಂದರು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತೆ.

ನಾಲ್ಕನೇ ಟೇಬಲ್ಲು ಬಂದದ್ದು ರೇಣುಕಾಗೆ. ಗದಗದ ಕಡೆಯಿಂದ ಬಂದ ಮನೆಯವರ ಹುಡುಗಿ, ಓದಿನಲ್ಲಿ ಮುಂದು. ತಂತಿಯ ವಿದ್ಯುತ್ ರೋಧವನ್ನು ಮೀಟರ್ ಬ್ರಿಡ್ಜ್ ಎಂಬ ಸಾಧನದಲ್ಲಿ ಚೆನ್ನಾಗಿಯೇ ಅಳೆದಿದ್ದಳು. ಕೊನೆಗೆ ತಂತಿಯ ದಪ್ಪ ಅಳೆದು ಉತ್ತರ ತೆಗೆಯಬೇಕು. ಮೂರು ಕೂಡಿಸಬೇಕಾದ ಕಡೆ ಮೂರು ಕಳೆದಳು. ದಪ್ಪದ ವರ್ಗ ಬರುವ ಲೆಕ್ಕ ಅದು. ತಪ್ಪು ಬೆಳೆದು ಉತ್ತರ ಇರಬೇಕಾದ್ದಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಕಡಿಮೆ ಬಂತು. ಪರೀಕ್ಷಕರು ಗೇಜು ತೆಗೆದುಕೊಂಡು ಬಾಯಿ ಮುಚ್ಚಿ ನೋಡಿದ್ದು ಬಾಗಿಲ ಸಂದಿಯಿಂದ ನನಗೆ ಕಾಣಿಸಿತು.

"ಇದು ಮೈನಸ್ ಅಲ್ವೇನಮ್ಮ? ಪ್ಲಸ್ ಅಂತ ಯಾಕೆ ಬರೆದೆ? ನೋಡಿದ್ಯಾ, ಇಲ್ವಾ?"

"ಮೇಡಂ ಪೇಜಿನ್ಯಾಗ ಹಂಗ ಇತ್ರೀ ಸರ," ಅಂದಳು ರೇಣುಕಾ. ಅಳು ಬರುತ್ತಿತ್ತು.

"ಯಾವ ಪೇಜು?"

ಮಧ್ಯಾಹ್ನದ ಬ್ಯಾಚಿನಲ್ಲೂ ನಾಲ್ಕನೇ ಟೇಬಲ್ಲಿನಲ್ಲಿ ಅದೇ ತಪ್ಪು. ಇಬ್ಬರಿಗೂ ಅಂಕ ಹೋಯಿತು. ಮಕ್ಕಳಿಗೆ ಮೊದಲೇ ಸಂಖ್ಯೆ ಕೊಟ್ಟು ಬಾಯಿಪಾಠ ಮಾಡಿಸಿದ್ದಾರೆ, ಅದನ್ನೂ ತಪ್ಪಾಗಿ ಕೊಟ್ಟಿದ್ದಾರೆ ಎಂದು ಪರೀಕ್ಷಕರು ಪ್ರಿನ್ಸಿಪಾಲರಿಗೆ ಹೇಳಿ ಹೋದರು. ಇಷ್ಟು ವರ್ಷ ಸಂಖ್ಯೆ ಕೊಡುತ್ತಿದ್ದವನು ಹೊರಗೆ ಸ್ಟೂಲಿನ ಮೇಲೆ ಕೂತಿದ್ದ, ಅವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಪ್ರಿನ್ಸಿಪಾಲರ ಕೋಣೆಗೆ ವಿನುತಾ ಮೇಡಂ ಅವರನ್ನು ಕರೆಸಿದರು, ನನ್ನನ್ನೂ ಕರೆಸಿದರು. ಸೀತಾರಾಮು ಸಾರ್ ಗೋಡೆ ಕಡೆ ನೋಡುತ್ತ ನಿಂತಿದ್ದರು. ಮೇಡಂ ಕೈಯಲ್ಲಿ ಅವತ್ತು ಬರೆದುಕೊಂಡ ಹಾಳೆ ಇತ್ತು. ಅದರಲ್ಲಿ 'ಪ್ಲಸ್ ಮೂರು' ಎಂದೇ ಇತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ ಕೇಳಿದರು, "ರುದ್ರಣ್ಣ, ನೀವು ಏನಂದಿದ್ರಿ? ನೆನಪಿದೆಯಾ? ನಾನೇ ತಪ್ಪಾಗಿ ಬರ್ಕೊಂಡ್ನಾ?"

ಅದರಲ್ಲಿ ಆರೋಪ ಇರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ತಿಳಿಯಬೇಕಿತ್ತು, ಅದಕ್ಕೇ ಕೇಳಿದರು.

ನಾನು ಜೇಬಿಗೆ ಕೈ ಹಾಕಿ ಪುಸ್ತಕ ತೆಗೆದೆ. ನಾಲ್ಕನೇ ಗೇಜಿನ ಪುಟ ಬಿಡಿಸಿ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆ. "ನನ್ನ ಪುಸ್ತಕದಲ್ಲಿ ಮೈನಸ್ ಇದೆ ಸಾರ್. ಇದನ್ನೇ ಓದಿ ಹೇಳಿದ್ದು," ಅಂದೆ.

ಪುಸ್ತಕದಲ್ಲಿ ಇದ್ದದ್ದು ನಿಜವೇ. ಬರೆದ ನಿಜ ತೋರಿಸಿ ಆಡಿದ ಸುಳ್ಳನ್ನು ಮುಚ್ಚಿದೆ. ಬರಿ ಬಾಯಲ್ಲಿ ಸುಳ್ಳು ಹೇಳಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೋ ಏನೋ. ಮಾಸಿದ, ಎಣ್ಣೆ ಹಿಡಿದ ಆ ಹಳೆಯ ಪುಸ್ತಕ ನೋಡಿದ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ವಿನುತಾ ಮೇಡಂ ಪುಟವನ್ನು ನೋಡಿದರು. ತಮ್ಮ ಹಾಳೆಯನ್ನು ನೋಡಿದರು. "ಹಾಗಾದ್ರೆ ನಂದೇ ತಪ್ಪು ಸಾರ್," ಎಂದರು.

ಮುಂದಿನ ವರ್ಷಕ್ಕೆ ಅವರನ್ನು ಮುಂದುವರಿಸಲಿಲ್ಲ. ಹೋಗುವ ದಿನ ನನಗೆ ಬಂದು ಹೇಳಿ ಹೋದರು. ಆ ಪೇಜುಗಳನ್ನೆಲ್ಲ ಕಂಪ್ಯೂಟರುಗಳಿಂದ ಅಳಿಸಿದರು. ಹುಡುಗರು ಮತ್ತೆ ನನ್ನ ಲ್ಯಾಬಿಗೆ ಬಂದರು, ಮತ್ತೆ "ಅಣ್ಣ" ಎಂದರು, ಮತ್ತೆ ಆಕಳಿಸಿದರು. ನಾನು ಗೆದ್ದಿದ್ದೆ. ಹಾಗಿದ್ದೂ ಬ್ರೌಸರಿನೊಳಗಿನ ಆ ಪುಟ್ಟ ಆಟೋ ಕಣ್ಣ ಮುಂದೆ ಬಂದಾಗಲೆಲ್ಲ ಹೊಟ್ಟೆಯಲ್ಲಿ ಅದೇ ಉರಿ ಏಳುತ್ತಿತ್ತು. ಹೊಟ್ಟೆಕಿಚ್ಚು ಎದುರಾಳಿ ಹೋದ ಮೇಲೆ ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನಿಂದ ಮಾಡಲಾಗದ್ದನ್ನು ಒಬ್ಬರು ಮಾಡಿದ್ದರು. ಅದನ್ನು ಅಳಿಸಲು ನನಗೆ ಬಂತೇ ಹೊರತು ಮಾಡಲು ಬರಲಿಲ್ಲ.

ನಾಲ್ಕೈದು ವರ್ಷಕ್ಕೆ ನಿವೃತ್ತನಾದೆ. ಹಾರ ಹಾಕಿ, ನನ್ನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಆ ಮಾತು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ವಿಚಾರಿಸುತ್ತ ಹೋದಾಗ ವಿನುತಾ ಮೇಡಂ ಕೆಂಗೇರಿಯಲ್ಲಿ ಮನೆಪಾಠ ಹೇಳುತ್ತಿದ್ದಾರೆ ಎಂದು ತಿಳಿಯಿತು. ಬಸ್ಸು ಹತ್ತಿದೆ.

ಮನೆಯ ಮುಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಮಕ್ಕಳು, ಒಂದು ಕರಿಹಲಗೆ. ಕಂಪ್ಯೂಟರು ಕಾಣಲಿಲ್ಲ. ನನ್ನನ್ನು ನೋಡಿ, "ರುದ್ರಣ್ಣ! ಒಳಗೆ ಬನ್ನಿ," ಎಂದು ಮಕ್ಕಳಿಗೆ ಲೆಕ್ಕ ಕೊಟ್ಟು ಪಡಸಾಲೆಗೆ ಕರೆದೊಯ್ದರು. ಕಾಫಿ ತಂದರು. ಮುಟ್ಟಲಾಗಲಿಲ್ಲ.

"ಆ ಪೇಜುಗಳನ್ನ ಈಗ ಮಾಡಲ್ವಾ ಮೇಡಂ?" ಎಂದು ಕೇಳಿದೆ.

"ಇಲ್ಲ. ಆಮೇಲೆ ಒಂದೂ ಮಾಡ್ಲಿಲ್ಲ. ಕೂತ್ಕೊಂಡ್ರೆ, ಇನ್ನೆಲ್ಲಿ ಏನು ತಪ್ಪು ಬರ್ಕೊಂಡಿದೀನೋ ಅಂತ ಕೈಯೇ ಓಡಲ್ಲ. ಕಿವಿಗೆ ಮೈನಸ್ ಅಂತ ಕೇಳಿ ಕೈ ಪ್ಲಸ್ ಅಂತ ಬರೆದಿದೆ ಅಂದ್ರೆ, ನನ್ನ ಮೇಲೆ ನನಗೇ ಹೇಗೆ ನಂಬಿಕೆ ಬರ್ಬೇಕು ಹೇಳಿ?"

ನೌಕರಿ ಹೋದದ್ದು ಮಾತ್ರ ನನ್ನ ಪಾಪ ಎಂದುಕೊಂಡು ಬಂದಿದ್ದೆ.

"ನಿಮ್ಮ ಕೈ ಸರಿಯಾಗೇ ಬರೆದಿತ್ತು ಮೇಡಂ," ಅಂದೆ. "ನಾನು ಪ್ಲಸ್ ಅಂದಿದ್ದೆ."

ಉಳಿದದ್ದನ್ನೂ ಹೇಳಿದೆ. ಮುಗಿಸಿ, "ತಪ್ಪಾಯ್ತು ಮೇಡಂ, ಕ್ಷಮಿಸಿ," ಎಂದು ಕೈ ಮುಗಿದೆ.

"ಕೈ ಇಳಿಸಿ," ಅಂದರು. ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಎಷ್ಟು ವರ್ಷ ರುದ್ರಣ್ಣ... ಸಿಟ್ಟು ಬರ್ತಿದೆ. ಹಗುರಾನೂ ಆಗ್ತಿದೆ. ಹಗುರಾಗ್ತಿದೆಯಲ್ಲ ಅನ್ನೋದಕ್ಕೆ ಇನ್ನೂ ಸಿಟ್ಟು ಬರ್ತಿದೆ." ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು. "ಬರೆದುಕೊಡಿ."

"ಪ್ರಿನ್ಸಿಪಾಲರಿಗಾ ಮೇಡಂ?"

"ಯಾರಿಗೂ ತೋರಿಸಲ್ಲ. ನನಗೆ ಬೇಕು."

ಬರೆದೆ. ನಾಲ್ಕನೇ ನಂಬರಿನ ಸ್ಕ್ರೂ ಗೇಜಿನ ಶೂನ್ಯ ದೋಷ ಮೈನಸ್ ಮೂರು ಎಂದು ನನ್ನ ಪುಸ್ತಕದಲ್ಲಿದ್ದರೂ, ವಿನುತಾ ಮೇಡಂ ಅವರಿಗೆ ಪ್ಲಸ್ ಮೂರು ಎಂದು ತಪ್ಪಾಗಿ ಹೇಳಿದ್ದೆ, ಅವರು ನಾನು ಹೇಳಿದ್ದನ್ನೇ ಬರೆದುಕೊಂಡಿದ್ದರು ಎಂದು ಬರೆದು ರುಜು ಹಾಕಿ ಕೊಟ್ಟೆ. ಓದಿದರು. ಮತ್ತೆ ಓದಿದರು. ಹಾಳೆಯನ್ನು ನನ್ನ ಕಡೆಗೇ ಸರಿಸಿದರು.

"'ತಪ್ಪಾಗಿ ಹೇಳಿದ್ದೆ' ಅಂತ ಬರೆದಿದೀರಿ. ತಪ್ಪು ಯಾರಾದ್ರೂ ಹೇಳ್ತಾರೆ ರುದ್ರಣ್ಣ. 'ಬೇಕೆಂದೇ' ಅಂತ ಹಾಕಿ."

ಅಲ್ಲಿಯವರೆಗೆ ಬಂದು, ಎಲ್ಲವನ್ನೂ ಬಾಯಿಬಿಟ್ಟು ಹೇಳಿ, ಕೈ ಮುಗಿದ ಮೇಲೂ ನನ್ನ ಕೈ ನನ್ನನ್ನು ಸ್ವಲ್ಪ ಕಾಪಾಡಿಕೊಂಡಿತ್ತು. 'ತಪ್ಪಾಗಿ' ಎಂಬುದನ್ನು ಹೊಡೆದು ಹಾಕಿ, ಮೇಲೆ 'ಬೇಕೆಂದೇ' ಎಂದು ಬರೆದೆ. ಅವರು ಹಾಳೆ ತೆಗೆದುಕೊಂಡು, ನನ್ನನ್ನು ಕಳಿಸಿಕೊಡಲು ಬಾಗಿಲವರೆಗೆ ಬರದೆ, ಮಕ್ಕಳಿದ್ದ ಕೋಣೆಗೆ ಹೋದರು.